ಮಾತಿನ ಧ್ವನಿಮುದ್ರಣ: ಒಪ್ಪಿಗೆ ಯಾರದು, ತಪ್ಪು ಎಲ್ಲಿ?

ಎದುರಿನವರಿಗೆ ಹೇಳದೆ ಫೋನ್ ಮಾತನ್ನು ರೆಕಾರ್ಡ್ ಮಾಡಿದರೆ ಅಪರಾಧವೇ? ಈ ಪ್ರಶ್ನೆಯ ಒಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ರೆಕಾರ್ಡ್ ಮಾಡಿದ್ದು ಕಾನೂನಿಗೆ ಒಪ್ಪುವ ಕೆಲಸವೇ ಎಂಬುದು ಒಂದು. ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತದೆಯೇ ಎಂಬುದು ಇನ್ನೊಂದು. ಭಾರತದಲ್ಲಿ ಮೊದಲನೆಯದಕ್ಕೆ ‘ಇಲ್ಲ’ ಎಂದಾದಾಗಲೂ ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಬರಬಹುದು. ಇವೆರಡನ್ನು ಬೇರ್ಪಡಿಸಿಕೊಳ್ಳದೆ ತೀರ್ಪುಗಳನ್ನು ಓದಿದರೆ ಗೊಂದಲವೇ ಗತಿ.

ಮಾತಿನಲ್ಲಿ ಪಾಲ್ಗೊಂಡವರೇ ಅದನ್ನು ಧ್ವನಿಮುದ್ರಿಸಿದರೆ ಅಪರಾಧವೆನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹೊರಗಿನವರು ಇಬ್ಬರಿಗೂ ತಿಳಿಯದಂತೆ ಕದ್ದಾಲಿಸಿದರೆ ವಿಷಯ ಬೇರೆ: 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಮಾತ್ರ ನಮ್ಮ ನಿಯಮವನ್ನು ನೆಚ್ಚಿಕೊಳ್ಳಬಾರದು. ಅಲ್ಲಿ ಗೋಪ್ಯ ಸಂಭಾಷಣೆಯನ್ನು ಮುದ್ರಿಸಲು ಮಾತನಾಡುವ ಎಲ್ಲರ ಒಪ್ಪಿಗೆಯೂ ಬೇಕು.

ಒಬ್ಬರ ಒಪ್ಪಿಗೆ ಸಾಕೆನ್ನುವ ನಮ್ಮ ನಿಲುವಿನ ಬೇರು ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿದೆ. ಈ ತೀರ್ಪನ್ನು ನಿಧಾನವಾಗಿ ಓದಿ. 1964ರಲ್ಲಿ ಮುಂಬೈಯ ಕೊರೋನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ, ಒಬ್ಬ ವೈದ್ಯರಿಂದ ಲಂಚ ಕೇಳಿದ ಆರೋಪ. ಬೇಡಿಕೆ ತಲುಪಿದ್ದು ಇನ್ನೊಬ್ಬ ವೈದ್ಯರ ಮೂಲಕ. ಆ ಮಧ್ಯವರ್ತಿಯ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿದರು. ಇದು ತಂತಿಗೆ ಕೈಹಾಕುವುದನ್ನು ಅಪರಾಧವೆನ್ನುವ ಟೆಲಿಗ್ರಾಫ್ ಕಾಯ್ದೆಯ 25ನೇ ಸೆಕ್ಷನ್ನಿನ ಉಲ್ಲಂಘನೆ ಎಂದು ಆರೋಪಿ ವಾದಿಸಿದರು. ಮಾತನಾಡುವವರೇ ಇನ್ನೊಬ್ಬರಿಗೆ ಕೇಳಿಸಿಕೊಳ್ಳಲು, ಮುದ್ರಿಸಲು ಬಿಟ್ಟಾಗ ಅದು ತಂತಿಗೆ ಕೈಹಾಕಿದಂತಲ್ಲ ಎಂದು 1972ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಲಂಚ ಕೇಳಿದವರ ಧ್ವನಿ ಹಿಡಿದು ಲೋಕಾಯುಕ್ತರ ಮೆಟ್ಟಿಲು ಹತ್ತುವ ಸಾಮಾನ್ಯ ಜನರಿಗೆ ಇಂದಿಗೂ ಈ ತೀರ್ಪೇ ಬೆನ್ನಿಗಿರುವ ಬಲ.

ಆದರೆ ಅದೇ ತೀರ್ಪಿನ ಇನ್ನೊಂದು ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ದೂರವಾಣಿ ಮಾತಿಗೆ ಸಿಗುವ ರಕ್ಷಣೆ ನಿರಪರಾಧಿ ನಾಗರಿಕರಿಗೇ ಹೊರತು ತಪ್ಪಿತಸ್ಥರಿಗಲ್ಲ ಎಂದಿತು ಪೀಠ. ಯಾರು ತಪ್ಪಿತಸ್ಥರೆಂಬುದು ತಿಳಿಯುವುದು ವಿಚಾರಣೆ ಮುಗಿದ ಮೇಲೆ. ಹಕ್ಕು ಬೇಕಾಗುವುದು ಅದಕ್ಕೂ ಮೊದಲು. ನ್ಯಾಯಾಲಯದ ದೃಷ್ಟಿಯೂ ಮುಂದೆ ಬದಲಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಅರ್ಜಿಯ ಮೇಲೆ ಬಂದ 1996ರ ತೀರ್ಪು ದೂರವಾಣಿ ಮಾತನ್ನು ಖಾಸಗಿ ಬದುಕಿನ ಭಾಗವೆಂದು ಒಪ್ಪಿ, ಸರ್ಕಾರದ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ, ಕಾಲಮಿತಿ, ಪರಿಶೀಲನಾ ಸಮಿತಿಗಳ ಕಟ್ಟುಪಾಡು ಹಾಕಿತು. (ಅದಕ್ಕೂ ಮೊದಲೇ, 1988ರಲ್ಲಿ, ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆಯವರು ನಮ್ಮ ರಾಜ್ಯದ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು.) 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಹಾಗಾದರೆ ಗಂಡ ಹೆಂಡತಿಯ ನಡುವೆ? ಪತ್ನಿಯ ಮಾತನ್ನು ಪತಿ ಗುಟ್ಟಾಗಿ ಮುದ್ರಿಸಿದ್ದ ವಿಚ್ಛೇದನ ಪ್ರಕರಣದಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆ ಧ್ವನಿಮುದ್ರಣವನ್ನು ನಿರಾಕರಿಸಿತ್ತು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ಆದೇಶವನ್ನು ರದ್ದುಪಡಿಸಿತು. ದಂಪತಿಗಳ ನಡುವಿನ ಮೊಕದ್ದಮೆಯಲ್ಲಿ ಇಂಥ ಸಾಕ್ಷ್ಯಕ್ಕೆ, ದಂಪತಿಗಳ ಖಾಸಗಿ ಮಾತನ್ನು ಬಯಲು ಮಾಡುವಂತಿಲ್ಲ ಎನ್ನುವ ಹಿಂದಿನ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಇದೆ ಎಂಬುದು ಅದರ ತರ್ಕ. ಇದನ್ನು ‘ಸಂಗಾತಿಯ ಮೇಲೆ ಗೂಢಚರ್ಯೆ ಮಾಡಬಹುದು’ ಎಂದು ಓದಿಕೊಳ್ಳುವುದು ದೊಡ್ಡ ತಪ್ಪು. ಇಲ್ಲಿ ಉತ್ತರ ಸಿಕ್ಕಿದ್ದು ಎರಡನೆಯ ಪ್ರಶ್ನೆಗೆ. ಪತ್ನಿ ಬೇರೆಯವರೊಂದಿಗೆ ಆಡಿದ ಮಾತನ್ನು ಪತಿ ಕದ್ದು ಮುದ್ರಿಸಿದ್ದನ್ನು ಈ ಹಿಂದೆಯೇ ಆಂಧ್ರ ಪ್ರದೇಶ ಹೈಕೋರ್ಟ್ ಅಕ್ರಮ ಎಂದಿತ್ತು. ಅಲ್ಲಿ ಪತಿ ಮಾತಿನ ಹೊರಗಿದ್ದ ಮೂರನೆಯ ವ್ಯಕ್ತಿ.

ಸ್ವೀಕಾರಕ್ಕೂ ಷರತ್ತುಗಳಿವೆ. 1985ರ ರಾಮ್ ಸಿಂಗ್ ತೀರ್ಪಿನಂತೆ ಧ್ವನಿ ಯಾರದೆಂದು ಗುರುತಿಸಬೇಕು, ತಿದ್ದಿಲ್ಲವೆಂದು ತೋರಿಸಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಕೇಳುತ್ತದೆ. ಅದರ ಒಂದು ಭಾಗವನ್ನು ಸಾಕ್ಷ್ಯ ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದ ಬೆರಳಚ್ಚಿನಂತಿರುವ ಸಂಕೇತವನ್ನೂ, ಬರೆಯಬೇಕು. ಧ್ವನಿಯ ಕಡತದಲ್ಲಿ ಒಂದು ಕ್ಷಣ ಕತ್ತರಿಸಿದರೂ ಆ ಮೌಲ್ಯ ಬದಲಾಗುತ್ತದೆ. ಆದ್ದರಿಂದ ಮೂಲ ಕಡತವನ್ನೂ ಅದು ಇರುವ ಫೋನನ್ನೂ ಮುಟ್ಟದೆ ಹಾಗೆಯೇ ಉಳಿಸಿಕೊಳ್ಳಬೇಕು.