ಖಾಲಿ ತೂಗುಕುರ್ಚಿ ತೂಗಿದರೆ ಏನಾಗುತ್ತದೆ?

ಧಾರವಾಡದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಅಜ್ಜನ ಸಾಗುವಾನಿ ತೂಗುಕುರ್ಚಿ ಇದೆ. ಬೆತ್ತದ ಹೆಣಿಗೆ ಎರಡು ಕಡೆ ಕಿತ್ತಿದೆ, ಕೆಳಗಿನ ಬಾಗುಪಟ್ಟಿಗಳು ಸವೆದು ಹೊಳೆಯುತ್ತವೆ. ನಾನು ಎದ್ದ ಮೇಲೂ ಅದು ತೂಗುತ್ತಿದ್ದರೆ ಸೋದರತ್ತೆ ಓಡಿ ಬಂದು ಹಿಡಿದು ನಿಲ್ಲಿಸುತ್ತಾರೆ. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಹೊಟ್ಟೆನೋವು, ಖಾಲಿ ಕುರ್ಚಿ ತೂಗಿದರೆ ಮನೆಗೆ ಕೇಡು ಎನ್ನುವುದು ಅವರ ನಂಬಿಕೆ. ಅತ್ತೆಯ ಮೇಲೆ ನನಗೆ ಅಪಾರ ಗೌರವವಿದೆ. ಈ ನಂಬಿಕೆಯನ್ನು ಮಾತ್ರ ಎಳ್ಳಷ್ಟೂ ಒಪ್ಪಲಾರೆ.

ಬಾಗುಪಟ್ಟಿಯನ್ನು ದೊಡ್ಡ ಚಕ್ಕಡಿ ಗಾಲಿಯ ಒಂದು ತುಂಡು ಎಂದುಕೊಳ್ಳಿ. ಆ ಗಾಲಿಯ ನಡುಬಿಂದು ಕುಳಿತವರ ತಲೆಯ ಆಸುಪಾಸಿಗೆ ಬರುತ್ತದೆ. ತೂಕದ ಕೇಂದ್ರ ಅದಕ್ಕಿಂತ ಕೆಳಗಿದ್ದರೆ ಸಾಕು, ವಾಲಿದ ಕುರ್ಚಿ ತಾನಾಗಿ ಮರಳುತ್ತದೆ. ತಂಜಾವೂರಿನ ಬೊಂಬೆ ಬಿದ್ದೆದ್ದು ನಿಲ್ಲುವುದೂ ಹೀಗೆಯೇ. ತೆಂಗಿನ ಚಿಪ್ಪಿಗೆ ಹಿಡಿ ಜೋಳ ಹಾಕಿ ಅಲ್ಲಾಡಿಸಿ ನೋಡಿ, ಅದೇ ಆಟ. ನಾವು ಎದ್ದೊಡನೆ ಆ ಕೇಂದ್ರ ಇನ್ನೂ ಕೆಳಗಿಳಿಯುತ್ತದೆ. ಕುರ್ಚಿ ತನ್ನ ಹೊಸ ಸಮತೋಲವನ್ನು ಹುಡುಕುತ್ತಾ ಮೊದಲಿಗಿಂತ ಚುರುಕಾಗಿ ತೂಗುತ್ತದೆ. ಉರುಳುವಾಗ ಘರ್ಷಣೆ ಕಡಿಮೆಯಾದ್ದರಿಂದ ಬೇಗ ನಿಲ್ಲುವುದಿಲ್ಲ. ಇದರಲ್ಲಿ ದೆವ್ವಕ್ಕೆ ಮಾಡಲು ಕೆಲಸವೇ ಇಲ್ಲ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತೂಗುಕುರ್ಚಿಯನ್ನು ಕಂಡುಹಿಡಿದ ಎಂಬ ಕಥೆಗೂ ಆಧಾರವಿಲ್ಲ. ತೊಟ್ಟಿಲಿನ ಬಾಗುಪಟ್ಟಿಯನ್ನು ಕುರ್ಚಿಗೆ ಜೋಡಿಸುವ ಯೋಚನೆ ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಬಡಗಿಗಳ ಕೈಯಲ್ಲೇ ಬೆಳೆಯಿತು. 1860ರಲ್ಲಿ ಪೀಠೋಪಕರಣ ತಯಾರಕ ಮೈಕೆಲ್ ತೊನೆಟ್, ಹಬೆಯಲ್ಲಿ ಬೀಚ್ ಮರವನ್ನು ಬಗ್ಗಿಸಿ ಸುರುಳಿ ಸುರುಳಿಯಾದ ತೂಗುಕುರ್ಚಿಯನ್ನು ತಂದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯ ಬೆನ್ನುನೋವಿಗೆ ವೈದ್ಯೆ ಜಾನೆಟ್ ಟ್ರಾವೆಲ್ ತೂಗುಕುರ್ಚಿಯನ್ನೇ ಸೂಚಿಸಿದ್ದರು. ಅದು ಶ್ವೇತಭವನಕ್ಕೂ ಹೋಯಿತು.

ಆದರೆ ತೂಗಿದರೆ ಹಿತವೇಕೆ? ಉತ್ತರ ಕಿವಿಯಲ್ಲಿದೆ. ಒಳಗಿವಿಯಲ್ಲಿ ಲೋಳೆಯ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಕುಳಿತಿವೆ. ಚಕ್ಕಡಿ ಥಟ್ಟನೆ ಹೊರಟಾಗ ಮೇಲಿನ ಚೀಲಗಳು ಹಿಂದಕ್ಕೆ ವಾಲುವ ಹಾಗೆ, ಹರಿವಾಣ ಎತ್ತಿದಾಗ ನೀರು ತುಳುಕುವ ಹಾಗೆ, ತಲೆ ಸರಿದಾಗ ಈ ಹರಳುಗಳು ಹಿಂದುಳಿಯುತ್ತವೆ. ಆಗ ಕೆಳಗಿನ ಕೂದಲಿನಂಥ ಎಳೆಗಳು ಬಾಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. 2011ರಲ್ಲಿ ಜಿನೀವಾದ ಸಂಶೋಧಕರು 12 ಗಂಡಸರನ್ನು ನಾಲ್ಕು ಸೆಕೆಂಡಿಗೊಮ್ಮೆ ತೂಗುವ ಹಾಸಿಗೆಯಲ್ಲಿ ಮಲಗಿಸಿದಾಗ ಅವರಿಗೆ ಬೇಗ ನಿದ್ದೆ ಹತ್ತಿತು. 2019ರ ಪ್ರಯೋಗದಲ್ಲಿ, ಈ ಹರಳುಗಳು ಕೆಲಸ ಮಾಡದ ಇಲಿಗಳಿಗೆ ತೂಗುವುದರಿಂದ ಪ್ರಯೋಜನವಾಗಲಿಲ್ಲ.

ಆ ನಾಲ್ಕು ಸೆಕೆಂಡನ್ನು ಓದಿದಾಗ ನನಗೆ ನೆನಪಾದದ್ದು ಪಂಚಮಿಯ ಜೋಕಾಲಿ. ಲೋಲಕದ ಲೆಕ್ಕದಲ್ಲಿ ನಾಲ್ಕು ಮೀಟರ್ ಹಗ್ಗಕ್ಕೆ ಹೋಗಿ ಬರುವ ಒಂದು ತೂಗು ಸುಮಾರು ನಾಲ್ಕು ಸೆಕೆಂಡು, ಕುಳಿತವರ ತೂಕ ಎಷ್ಟೇ ಇರಲಿ. ಕಳೆದ ಪಂಚಮಿಗೆ ಬೇವಿನ ಮರದ ಜೋಕಾಲಿಯಲ್ಲಿ ಅತ್ತೆಯನ್ನೇ ಕೂರಿಸಿದೆ. ಅವರು ಸೀರೆಯ ಸೆರಗು ಸಿಕ್ಕಿಸಿಕೊಂಡು ತೂಗಿಕೊಳ್ಳುತ್ತಾ ಹತ್ತರವರೆಗೆ ಎಣಿಸಿದರು. ನಾನು ಗಡಿಯಾರ ನೋಡಿದೆ: ನಲವತ್ತು ಸೆಕೆಂಡು. ಇನ್ನೊಮ್ಮೆ ಎಣಿಸೋಣ ಎಂದರು.