ಮುಂಗೈ ಮೇಲಿನ ಬೆಳ್ಳಿ ಎಲೆ

ಮಳೆಗಾಲ ಮುಗಿಯುವ ಹೊತ್ತಿಗೆ ದೇವರಾಯನದುರ್ಗದ ಕಡೆ ಹೋದರೆ ಬಂಡೆ ಸಂದಿಗಳನ್ನು ಸ್ವಲ್ಪ ಬಗ್ಗಿ ನೋಡಿ. ಗೇಣುದ್ದದ ಜರಿಗಿಡವೊಂದು ಕಣ್ಣಿಗೆ ಬೀಳಬಹುದು. ಎಲೆಯ ಮೇಲ್ಭಾಗ ಹಸಿರು. ತಿರುಗಿಸಿದರೆ ಸುಣ್ಣ ಬಳಿದ ಹಾಗೆ ಬಿಳಿ. ಆ ಬಿಳಿ ಬದಿಯನ್ನು ಮುಂಗೈ ಮೇಲಿಟ್ಟು ಒಮ್ಮೆ ತಟ್ಟಿ ಎತ್ತಿದರೆ, ಎಲೆಯ ಒಂದೊಂದು ಸೀಳೂ ಚರ್ಮದ ಮೇಲೆ ಬೆಳ್ಳಗೆ ಅಚ್ಚಾಗಿರುತ್ತದೆ. ಚಿಕ್ಕಂದಿನಲ್ಲಿ ನಾವು ಇದನ್ನೇ ಹಚ್ಚೆ ಅಂತ ಹಾಕಿಸಿಕೊಂಡು ಸಂಜೆವರೆಗೂ ಕೈ ತೊಳೆಯದೆ ಓಡಾಡುತ್ತಿದ್ದೆವು.

ಇದು ಬೆಳ್ಳಿ ಜರಿ. ಜರಿಗಿಡ ಅಂದ ಕೂಡಲೇ ಆಗುಂಬೆಯ ತೊರೆ, ಪಾಚಿ, ಜಿಟಿಜಿಟಿ ಮಳೆ ನೆನಪಾಗುತ್ತದೆ, ಅಲ್ವಾ? ಹಾಗಿದ್ದೂ ಇದು ಕುರುಚಲು ಕಾಡಿನ ಕಾದ ಬಂಡೆಯ ಮಗ್ಗುಲಲ್ಲೇ ಬಾಳುತ್ತದೆ. ಅದಕ್ಕೆ ಆ ಬಿಳಿ ಪುಡಿಯೇ ದೊಡ್ಡ ಆಸರೆ. ಎಲೆಯ ಅಡಿಯ ಸಣ್ಣ ಗ್ರಂಥಿಗಳು ಮೇಣದಂಥ ಈ ಪುಡಿಯನ್ನು ಸುರಿಸುತ್ತವೆ. ನೀರು ಕಡಿಮೆಯಾದಾಗ ಎಲೆ ಮುದುಡಿ ಬಿಳಿ ಬದಿಯನ್ನು ಹೊರಗೆ ಮಾಡುತ್ತದೆ. ಬಿಸಿಲು ಅದಕ್ಕೆ ತಾಗಿ ವಾಪಸ್ ಹೋಗುತ್ತದೆ, ಒಳಗಿನ ತೇವ ಬೇಗ ಆರುವುದಿಲ್ಲ.

ಆದರೆ ಬಿಳಿ ಪುಡಿ ಕಂಡಿತು ಅಂತ ಹೆಸರು ಹೇಳಿಬಿಡಬಾರದು. ಅಮೆರಿಕ ಖಂಡದ ಬಿಸಿಲ ಸೀಮೆಯಿಂದ ಬಂದ ಪಿಟಿರೋಗ್ರಾಮ ಅನ್ನುವ ಜರಿಗೂ ಇಂಥದ್ದೇ ಪುಡಿ ಇದೆ. ಪಶ್ಚಿಮ ಘಟ್ಟದ ರಸ್ತೆ ಬದಿಯ ಮಣ್ಣುಗೋಡೆಗಳಲ್ಲಿ ಅದು ಚೆನ್ನಾಗಿಯೇ ಬೇರೂರಿದೆ. ಎರಡನ್ನೂ ಬೇರೆ ಮಾಡಲು ಎಲೆಯ ಅಂಚು ನೋಡಬೇಕು. ಪಿಟಿರೋಗ್ರಾಮದಲ್ಲಿ ಬೀಜಕಗಳ (ಜರಿಗಳು ಬೀಜದ ಬದಲು ಉದುರಿಸುವ ದೂಳಿನಂಥ ಕಣಗಳ) ಚೀಲಗಳು ನರಗಳ ಉದ್ದಕ್ಕೂ ಹರಡಿಕೊಂಡು ಬೆನ್ನೆಲ್ಲ ತುಂಬಿರುತ್ತವೆ. ನಮ್ಮ ಬೆಳ್ಳಿ ಜರಿಯಲ್ಲಿ ಅವು ಅಂಚಿಗೇ ಸಾಲುಗಟ್ಟಿರುತ್ತವೆ. ಅಂಚು ಒಳಕ್ಕೆ ಮಡಚಿಕೊಂಡು ಅವನ್ನು ಮುಚ್ಚುತ್ತದೆ, ಸೀರೆಗೆ ಫಾಲ್ ಹೊಲಿದ ಹಾಗೆ. ಬಲಿತ ಎಲೆಯಲ್ಲಿ ಬಿಳಿ ಮೈಗೆ ಕಪ್ಪು ಅಂಚು ಕಟ್ಟಿದಂತೆ ಕಾಣುವುದು ಈ ಚೀಲಗಳೇ. ನನಗೆ ಈ ಗಿಡದಲ್ಲಿ ತುಂಬ ಇಷ್ಟವಾಗುವ ಭಾಗ ಅದು.

ಹೆಸರಿನ ಕಥೆ ಯೆಮೆನ್‌ನಲ್ಲಿ ಶುರುವಾಗುತ್ತದೆ. 1761ರಲ್ಲಿ ಡೆನ್ಮಾರ್ಕ್‌ನ ದೊರೆ ಕಳಿಸಿದ ತಂಡದಲ್ಲಿ ಪೀಟರ್ ಫಾರ್ಸ್‌ಕಾಲ್ ಅನ್ನುವ ಸಸ್ಯವಿಜ್ಞಾನಿ ಇದ್ದರು. ಯೆಮೆನ್‌ನಲ್ಲಿ ಗಿಡಗಳನ್ನು ಕೂಡಿಸುತ್ತಲೇ 1763ರಲ್ಲಿ ಮಲೇರಿಯಾದಿಂದ ತೀರಿಕೊಂಡರು. ವಯಸ್ಸು ಬರೀ 31. ತಂಡದಲ್ಲಿ ಬದುಕಿ ಊರಿಗೆ ಮರಳಿದ್ದು ಕಾರ್ಸ್ಟನ್ ನೀಬೂರ್ ಒಬ್ಬರೇ. ಅವರು 1775ರಲ್ಲಿ ಗೆಳೆಯನ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದರು. ಅದರಲ್ಲಿ ಈ ಜರಿಗೆ 'ಟೆರಿಸ್ ಫಾರಿನೋಸ' ಅನ್ನುವ ಹೆಸರಿತ್ತು. ಫಾರಿನೋಸ ಅಂದರೆ ಹಿಟ್ಟು ಮೆತ್ತಿದ್ದು. ಮುಂದೆ ಅದನ್ನು ಕೈಲಾಂಥಿಸ್ ಕುಲಕ್ಕೆ, ಅಂದರೆ ಹತ್ತಿರದ ನಂಟಿನ ಗಿಡಗಳ ಗುಂಪಿಗೆ, ಸೇರಿಸಿದರು, ಆಮೇಲೆ ಅಲ್ಯುರಿಟಾಪ್ಟೆರಿಸ್‌ಗೆ. ಈ ಕೊನೆಯದಕ್ಕೂ ಹಿಟ್ಟಿನ ಜರಿ ಅಂತಲೇ ಅರ್ಥ. ಈಚೆಗೆ ಕೆಲವರು ಈ ಕುಲಗಳ ಜರಿಗಳನ್ನೆಲ್ಲ ಹೆಮಿಯೊನೈಟಿಸ್ ಅನ್ನುವ ಹಳೆಯ ಕುಲದೊಳಗೆ ಸೇರಿಸಿದ್ದಾರೆ. ಡಿಎನ್‌ಎ ನೋಡಿದ ಮೇಲೆ ಕೈಲಾಂಥಿಸ್ ಒಂದೇ ಮನೆತನ ಅಲ್ಲ ಅಂತ ಗೊತ್ತಾಗಿತ್ತು. ಬರ ತಾಳುವ ಇಂಥ ರೂಪ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿಯೇ ಬಂದಿದೆ.

ಇನ್ನೊಂದು ತೊಡಕೂ ಇದೆ. ಬಹಳ ಕಾಲ ಆಫ್ರಿಕಾದಿಂದ ಭಾರತದವರೆಗೆ ಹಿಟ್ಟು ಮೆತ್ತಿದ ಇಂಥ ಜರಿಗಳಿಗೆಲ್ಲ ಫಾರಿನೋಸ ಅಂತಲೇ ಚೀಟಿ ಅಂಟಿಸುತ್ತಿದ್ದರು. 1966ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಐರೀನ್ ಮ್ಯಾಂಟನ್ ಮತ್ತು ಸಂಗಡಿಗರು ಇವುಗಳ ವರ್ಣತಂತುಗಳನ್ನು (ಕ್ರೋಮೋಸೋಮ್) ಎಣಿಸಿ, ಆ ಒಂದು ಹೆಸರಿನಡಿ ಹಲವು ಗಿಡಗಳು ಅಡಗಿವೆ ಎಂದು ತೋರಿಸಿದರು.

ಯಾಕೆ ಹೀಗಾಯಿತು? ಜರಿಯ ಬೀಜಕ ನೆಲಕ್ಕೆ ಬಿದ್ದು ಮೊದಲು ಉಗುರಿಗಿಂತ ಚಿಕ್ಕದಾದ ಒಂದು ಹಸಿರು ಬಿಲ್ಲೆಯಾಗುತ್ತದೆ. ಅಲ್ಲಿ ಗಂಡುಕೋಶ ನೀರಿನ ತೆಳು ಪದರದಲ್ಲಿ ಈಜಿ ಅಂಡವನ್ನು ಮುಟ್ಟಬೇಕು. ಕಾದ ಬಂಡೆ ಮೇಲೆ ಅಷ್ಟು ಹೊತ್ತು ನೀರು ಎಲ್ಲಿ ನಿಲ್ಲುತ್ತದೆ? ಇವುಗಳಲ್ಲಿ ಹಲವು ಆ ಉಸಾಬರಿಯನ್ನೇ ಬಿಟ್ಟಿವೆ. ಗಂಡು ಹೆಣ್ಣು ಕೂಡದೆ ಬಿಲ್ಲೆಯಿಂದಲೇ ನೇರವಾಗಿ ಹೊಸ ಗಿಡ ಏಳುತ್ತದೆ. ಮರಿ ತಾಯಿಯ ಪಡಿಯಚ್ಚು. ಹಾಗಾಗಿ ಒಂದು ಸಣ್ಣ ವ್ಯತ್ಯಾಸ ಬಂದರೂ ಅದು ಬೆರೆತುಹೋಗದೆ ತಲೆಮಾರುಗಟ್ಟಲೆ ಹಾಗೇ ಉಳಿಯುತ್ತದೆ. ಇದರ ಸುಳಿವು ಬೀಜಕದ ಚೀಲದಲ್ಲೇ ಸಿಗುತ್ತದೆ. ಕೂಡಿ ಹುಟ್ಟುವ ಜರಿಗಳಲ್ಲಿ ಒಂದು ಚೀಲಕ್ಕೆ ಸಾಮಾನ್ಯವಾಗಿ 64 ಬೀಜಕ, ಕೂಡದೆ ಹುಟ್ಟುವವುಗಳಲ್ಲಿ 32.

ಅದನ್ನು ಎಣಿಸಲು ಸೂಕ್ಷ್ಮದರ್ಶಕ ಬೇಕು. ಕಾಡಿನಲ್ಲಿ ಒಂದು ಭೂತಗನ್ನಡಿ ಇದ್ದರೂ ಜಾಸ್ತಿ ನೋಡಬಹುದು. ಹೊಳೆಯುವ ಕಪ್ಪುಗಂದು ತೊಟ್ಟಿನ ಬುಡದಲ್ಲಿ ಹೊಟ್ಟಿನಂಥ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಒಂದನ್ನೊಂದು ಹೋಲುವ ಈ ಜರಿಗಳನ್ನು ಬೇರೆ ಮಾಡಲು ಅವನ್ನು ನೋಡಬೇಕು. ಅವು ಪೂರ್ತಿ ಒಂದೇ ಬಣ್ಣವೋ, ನಡುವೆ ಕಪ್ಪು ಗೀಟಿದ್ದು ಅಂಚು ತಿಳಿಯೋ? ಬುಡದಲ್ಲೇ ನಿಂತಿವೆಯೋ, ತೊಟ್ಟಿನುದ್ದಕ್ಕೂ ಏರಿವೆಯೋ? ಫೋಟೊ ತೆಗೆಯುವವರು ಸುಮ್ನೆ ಹಸಿರು ಬದಿಯೊಂದನ್ನೇ ತೆಗೆದು ಬಂದುಬಿಡುತ್ತಾರೆ. ಗಿಡ ಕೀಳಬೇಡಿ. ಒಂದು ಎಲೆಯನ್ನು ಮೆಲ್ಲಗೆ ತಿರುಗಿಸಿ ಅಂಚಿನದೊಂದು, ತೊಟ್ಟಿನ ಬುಡದ್ದೊಂದು ಫೋಟೊ ತೆಗೆದುಕೊಳ್ಳಿ.