ಕೀ ಇಲ್ಲದೆ ಬೀಗ ತೆರೆಯುವುದು: ಮೊದಲ ತಿಂಗಳ ಟಿಪ್ಪಣಿ

ಮನೆ ಬಾಗಿಲಿಗೆ ಹೊಸ ಸಿಲಿಂಡರ್ ಬೀಗ ಹಾಕಿಸಿದಾಗ ಹಳೆಯದನ್ನು ಗುಜರಿಗೆ ಹಾಕಲಿಲ್ಲ. ಈಗ ಅದೇ ನನ್ನ ಪಾಠದ ಪುಸ್ತಕ. ನಿಮಗೂ ಹಾಗೊಂದು ಹಳೆಯ ಬೀಗ, ಅದರ ಕೀ ಸಮೇತ ಇದ್ದರೆ ಸಾಕು. ಬೀಗ ನಿಮ್ಮದೇ ಆಗಿರಬೇಕು. ಬಾಡಿಗೆ ಮನೆಯ ಬೀಗ ಮಾಲೀಕರದ್ದು, ಅದನ್ನು ಮುಟ್ಟಬೇಡಿ. ದಿನಬಳಕೆಯಲ್ಲಿರುವ ಬೀಗವೂ ಬೇಡ. ಒಳಗೆ ಪಿಕ್‌ನ (ಬೀಗ ಬಿಡಿಸುವ ತೆಳು ಕಡ್ಡಿಯ) ತುದಿ ಮುರಿದು ಕೂತರೆ ನಿಜವಾದ ಕೀಯೂ ಒಳಗೆ ಹೋಗುವುದಿಲ್ಲ.

ಮೊದಲು ಕೀಯನ್ನೇ ನೋಡಿ. ಅದರ ಅಂಚಿನ ಏರಿಳಿತ ಅಲಂಕಾರಕ್ಕೆ ಇರುವುದಲ್ಲ, ಒಂದೊಂದು ತಗ್ಗೂ ಒಂದೊಂದು ಪಿನ್‌ಗೆ ಸೇರಿದ್ದು. ಬೀಗದೊಳಗೆ ಕೀಯ ಜೊತೆ ತಿರುಗುವ ಹಿತ್ತಾಳೆಯ ಉರುಳೆಯಿದೆ, ಅದಕ್ಕೆ ಪ್ಲಗ್ ಅನ್ನುತ್ತಾರೆ. ಅದರ ಸುತ್ತ ಕದಲದ ಕವಚ. ಎರಡನ್ನೂ ಹಾದು ಸಾಲಾಗಿ ಐದು ತೂತುಗಳು. ಪ್ರತಿ ತೂತಿನಲ್ಲಿ ಕೆಳಗೆ ಕೀ ಪಿನ್, ಅದರ ಮೇಲೆ ಡ್ರೈವರ್ ಪಿನ್, ಅದನ್ನು ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗ್. (ಸ್ಪ್ರಿಂಗ್ ಇರುವ ಭಾಗ ಮೇಲೆ ಬರುವಂತೆ ಹಿಡಿದು ಹೇಳುತ್ತಿದ್ದೇನೆ.) ಕೀ ಇಲ್ಲದಾಗ ಡ್ರೈವರ್ ಪಿನ್‌ಗಳು ಅರ್ಧ ಕವಚದಲ್ಲಿ, ಅರ್ಧ ಪ್ಲಗ್‌ನಲ್ಲಿ ಅಡ್ಡ ನಿಂತಿರುತ್ತವೆ. ಸರಿಯಾದ ಕೀ ಹಾಕಿದಾಗ ಐದೂ ಜೋಡಿಗಳ ಸಂದು ಪ್ಲಗ್ ಮತ್ತು ಕವಚದ ನಡುವಿನ ಗೆರೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಪ್ಲಗ್ ತಿರುಗುತ್ತದೆ.

ಈ ಉಪಾಯ ಹಳೆಯದು. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೂ ಗೂಟಗಳು ಹೀಗೇ ಜಾರಿ ಬಿದ್ದು ಅಗುಳಿಯನ್ನು ತಡೆಯುತ್ತಿದ್ದವು. ನಾವು ಬಳಸುವ ಚಪ್ಪಟೆ ಕೀಯ ರೂಪಕ್ಕೆ 1861ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್.

ಐದು ಪಿನ್, ಪ್ರತಿಯೊಂದಕ್ಕೂ ಆರು ಎತ್ತರ ಅಂದುಕೊಂಡರೆ 7,776 ಬಗೆಯ ಕೀಗಳಾಗುತ್ತವೆ. ಅಷ್ಟನ್ನೂ ಪ್ರಯತ್ನಿಸದೆ ಬೀಗ ತೆರೆಯುವುದು ಹೇಗೆ? ನಾನು ಪದೇ ಪದೇ ಓದಿ ಅರ್ಥ ಮಾಡಿಕೊಂಡ ಭಾಗ ಇದೇ. ಕಾರ್ಖಾನೆಯಲ್ಲಿ ಕೊರೆದ ಐದು ತೂತುಗಳು ಎಂದೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಸಾಲಿನಲ್ಲಿ ಇರುವುದಿಲ್ಲ. ಹಾಗಾಗಿ ಪ್ಲಗ್ ಅನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಐದೂ ಪಿನ್‌ಗಳು ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದೊಂದನ್ನು ಎತ್ತಿದರೆ ಅದರ ಡ್ರೈವರ್ ಪಿನ್ ಗೆರೆ ದಾಟಿ ಮೇಲೆ ಹೋಗುತ್ತದೆ. ಪ್ಲಗ್ ಒಂದಿಷ್ಟೇ ಇಷ್ಟು ಸರಿಯುತ್ತದೆ, ಆ ಸರಿದ ಅಂಚು ಪಿನ್‌ಗೆ ಮೆಟ್ಟಿಲಾಗುತ್ತದೆ, ಅದು ಮತ್ತೆ ಕೆಳಗೆ ಬೀಳುವುದಿಲ್ಲ. ಆಮೇಲೆ ಇನ್ನೊಂದು ಬಿಗಿಯುತ್ತದೆ. ಒಂದೇ ಸಲಕ್ಕೆ ಬಿಡಿಸಬೇಕಾಗಿದ್ದ ಲೆಕ್ಕ ಹೀಗೆ ಐದು ಸಣ್ಣ ಲೆಕ್ಕಗಳಾಗಿ ಒಡೆಯುತ್ತದೆ.

ಉಪಕರಣ ಎರಡು. ಪ್ಲಗ್ ತಿರುಗಿಸಲು ಎಲ್ ಆಕಾರದ ಟೆನ್ಷನ್ ಪಟ್ಟಿ, ಪಿನ್ ಎತ್ತಲು ತುದಿ ಬಾಗಿದ ತೆಳು ಉಕ್ಕಿನ ಕಡ್ಡಿ, ಅದೇ ಪಿಕ್. ಹೊಸಬರೆಲ್ಲರ ಗಮನ ಪಿಕ್ ಮೇಲೆ, ನನ್ನದೂ ಹಾಗೇ ಇತ್ತು. ಎರಡು ವಾರ ಬೀಗ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮಾರುಕಟ್ಟೆಯ ಮೂಲೆಯಲ್ಲಿ ಡೂಪ್ಲಿಕೇಟ್ ಕೀ ಮಾಡುವ ಹಿರಿಯರೊಬ್ಬರ ಬಳಿ ಹೋಗಿ ತೋರಿಸಿದೆ. ಅವರು ನನ್ನ ಎಡಗೈ ನೋಡಿ, "ಉಗುರು ಬೆಳ್ಳಗಾಗಿದೆ ನೋಡಮ್ಮ. ಅಷ್ಟು ಒತ್ತಿದರೆ ಪಿನ್ ಎಲ್ಲಿ ಅಲ್ಲಾಡುತ್ತೆ? ಎಳೆ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟು" ಅಂದರು. ಅವತ್ತು ಸಂಜೆ ಬೆರಳಿನ ಭಾರವಷ್ಟೇ ಪಟ್ಟಿಯ ಮೇಲೆ ಬಿಟ್ಟೆ. ಮೂರನೆಯ ಪಿನ್ ಗಟ್ಟಿಯಾಗಿ ಸಿಕ್ಕಿತು, ಉಳಿದವೆಲ್ಲ ಸ್ಪ್ರಿಂಗ್ ಮೇಲೆ ಪುಟಿಯುತ್ತಿದ್ದವು. ಮೂರನೆಯದನ್ನು ಎತ್ತಿದೆ. ಟಿಕ್. ಆ ಸದ್ದು ಕಿವಿಗಿಂತ ಮೊದಲು ಎಡಗೈ ಬೆರಳಿಗೆ ತಿಳಿಯಿತು. ನನ್ನ ಬೀಗದ ಕ್ರಮ ಮೂರು, ಒಂದು, ಐದು, ಎರಡು, ನಾಲ್ಕು. ನಿಮ್ಮ ಬೀಗದ ಕ್ರಮ ಬೇರೆ ಇರುತ್ತದೆ, ಹುಡುಕಿ ಬರೆದಿಟ್ಟುಕೊಳ್ಳಿ.

ಎರಡು ತಪ್ಪುಗಳು ಎಲ್ಲರಿಗೂ ಆಗುತ್ತವೆ. ಪಿನ್ ಅನ್ನು ಅಗತ್ಯಕ್ಕಿಂತ ಮೇಲೆ ತಳ್ಳಿದರೆ ಕೀ ಪಿನ್ನೇ ಗೆರೆಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಸಡಿಲಿಸಿ ಮೊದಲಿಂದ ಶುರು ಮಾಡುವುದೇ ದಾರಿ. ಇನ್ನೊಂದು ಮೋಸದ ಪಿನ್: ಒಳ್ಳೆಯ ಬೀಗಗಳಲ್ಲಿ ಕೆಲವು ಡ್ರೈವರ್ ಪಿನ್‌ಗಳು ಡಮರುಗದಂತೆ ನಡು ಸಣ್ಣಗಿರುತ್ತವೆ. ಆ ನಡು ಗೆರೆಗೆ ಬಂದಾಗ ಪ್ಲಗ್ ಚೆನ್ನಾಗಿಯೇ ತಿರುಗಿ ಅರ್ಧದಲ್ಲಿ ನಿಲ್ಲುತ್ತದೆ. ತೆರೆಯಿತು ಅಂದುಕೊಂಡು ಇನ್ನಷ್ಟು ಒತ್ತಬೇಡಿ. ಕೈ ಸಡಿಲಿಸುತ್ತಾ ಪಿನ್ ಎತ್ತಿದರೆ ಪ್ಲಗ್ ಹಿಂದಕ್ಕೆ ತಿರುಗುವುದು ಬೆರಳಿಗೆ ತಿಳಿಯುತ್ತದೆ, ಅಲ್ಲೇ ಇದೆ ಆ ಪಿನ್.

ಪಿನ್ ಬದಲು ಒಳಗೆ ಚಪ್ಪಟೆ ಪಟ್ಟಿಗಳಿರುವ, ಹಳೆಯ ಮನೆಗಳ ದಪ್ಪ ಲಿವರ್ ಬೀಗಕ್ಕೆ ಈ ಪಿಕ್ ನಡೆಯದು, ಅದರ ವಿದ್ಯೆ ಬೇರೆ. ಆದರೆ ಲಿವರ್ ಬೀಗದ ಒಂದು ಕಥೆ ಹೇಳಲೇಬೇಕು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗ ತಜ್ಞ ಎ. ಸಿ. ಹಾಬ್ಸ್, ಭೇದಿಸಲಾಗದೆಂದು ಹೆಸರಾಗಿದ್ದ ಚಬ್ ಕಂಪನಿಯ ಲಿವರ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದರು. ಬ್ರಾಮಾ ಕಂಪನಿ 1790ರಿಂದ ತನ್ನ ಅಂಗಡಿ ಕಿಟಕಿಯಲ್ಲಿ ಬಹುಮಾನದ ಸವಾಲಿನೊಂದಿಗೆ ಇಟ್ಟಿದ್ದ ಬೇರೆ ಬಗೆಯ ಬೀಗಕ್ಕೆ ಮಾತ್ರ ಹಲವು ದಿನಗಳಲ್ಲಿ ಹಂಚಿ ಒಟ್ಟು 51 ಗಂಟೆ ಬೇಕಾಯಿತು. ಬೀಗದ ದೋಷ ಮುಚ್ಚಿಟ್ಟರೆ ಕಳ್ಳರಿಗೇನೂ ನಷ್ಟವಿಲ್ಲ, ಅವರಿಗೆ ಅದು ಆಗಲೇ ಗೊತ್ತಿರುತ್ತದೆ ಎಂಬ ವಾದ ಆಗ ಜೋರಾಗಿ ಎದ್ದಿತು. ನನಗೆ ಅದು ಇವತ್ತಿಗೂ ಸರಿಯೆನಿಸುತ್ತದೆ. ಕಲಿಯತೊಡಗಿದ ಮೇಲೆಯೇ ನಾನು ಮುಂಬಾಗಿಲಿನ ಬೀಗವನ್ನು ಮತ್ತೆ ಬದಲಿಸಿ, ಡಮರುಗದ ಪಿನ್ ಇರುವುದನ್ನು ಕೇಳಿ ತಂದದ್ದು.

ಐದೂ ಪಿನ್ ಕಷ್ಟವಾದರೆ ಬೀಗ ಬಿಚ್ಚಿ ಒಂದೇ ಪಿನ್ ಉಳಿಸಿಕೊಂಡು ಶುರು ಮಾಡಿ, ಆಮೇಲೆ ಎರಡು, ಮೂರು. ಬಿಚ್ಚುವಾಗ ಅಗಲದ ತಟ್ಟೆಯಲ್ಲಿ ಬಟ್ಟೆ ಹಾಸಿಕೊಳ್ಳಿ. ಪ್ಲಗ್‌ನ ಹಿಂಬದಿಯಲ್ಲಿ ಅದನ್ನು ಹಿಡಿದಿಟ್ಟಿರುವ ಕ್ಲಿಪ್ ತೆಗೆದು, ಕೀ ಹಾಕಿ ತುಸು ತಿರುಗಿಸಿ, ಪ್ಲಗ್‌ನಷ್ಟೇ ದಪ್ಪದ ಮರದ ಕಡ್ಡಿಯನ್ನು ಹಿಂದಿನಿಂದ ತಳ್ಳುತ್ತಾ ಪ್ಲಗ್ ಹೊರತೆಗೆಯಿರಿ. ಕಡ್ಡಿಗೂ ಪ್ಲಗ್‌ಗೂ ನಡುವೆ ಸಂದು ಬಿಟ್ಟರೆ ಡ್ರೈವರ್ ಪಿನ್, ಸ್ಪ್ರಿಂಗ್ ಎಲ್ಲ ಚಿಮ್ಮಿ ಮಂಚದಡಿ ಸೇರುತ್ತವೆ. ಕೀ ಪಿನ್‌ಗಳ ಉದ್ದ ಬೇರೆ ಬೇರೆ, ತೆಗೆದ ಸಾಲಿನಲ್ಲೇ ಜೋಡಿಸಿಡಿ. ಬೀಗ ಬಿಗಿಯಾಗಿದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಅಂಟಿ ಪಿನ್ ಕಚ್ಚಿಕೊಳ್ಳುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿಯನ್ನು ಕೀಗೆ ಸವರಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿದರೆ ಸಾಕು.